ಕಲ್ಯಾಣದಲ್ಲಿ ಆಫ್ ಆಗದ ಕಂಪ್ಯೂಟರ್

ಜನವರಿ 8, ಬುಧವಾರ

ಬಿ.ಪಿ. ಬೆಳಿಗ್ಗೆ 148/92, ಸಂಜೆ 140/88.

ಡಾಕ್ಟರು ಬರೆಯಲು ಹೇಳಿದ್ದು ಇಷ್ಟನ್ನೇ. ಆದರೆ ಹೆಂಡತಿ ರತ್ನಾವತಿ ತಂದುಕೊಟ್ಟದ್ದು ಇನ್ನೂರು ಪುಟದ ಪುಸ್ತಕ. ಮೂವತ್ತೊಂದು ವರ್ಷ ಕಾರ್ಖಾನೆಯ ಇಲೆಕ್ಟ್ರಿಕಲ್ ಮೇಂಟೆನೆನ್ಸಿನಲ್ಲಿ ಲಾಗ್‌ಬುಕ್ ಬರೆದ ಕೈ ಎರಡು ಸಾಲಿಗೆ ನಿಲ್ಲುವುದಿಲ್ಲ. ಉಳಿದದ್ದನ್ನೂ ಬರೆಯುತ್ತೇನೆ. ರತ್ನಾವತಿ ಓದುವ ಭಯವಿಲ್ಲ. ಕನ್ನಡಕವಿಲ್ಲದೆ ಅವಳಿಗೆ ಓದಲಾಗುವುದಿಲ್ಲ, ಕನ್ನಡಕ ಅವಳಿಗೆ ಸಿಗುವುದಿಲ್ಲ.

ಸ್ಟೆಂಟ್ ಹಾಕಿ ಹದಿನೇಳು ದಿನವಾಯಿತು. ಭಾರ ಎತ್ತಬಾರದು, ಸ್ಟೂಲು ಹತ್ತಬಾರದು, ಒಬ್ಬನೇ ಹೊರಗೆ ಹೋಗಬಾರದು. ಮೊದಲ ಎರಡನ್ನು ಹೇಳಿದ್ದು ಡಾಕ್ಟರು. ಮೂರನೆಯದನ್ನು ಸೇರಿಸಿಕೊಂಡವನು ನಾನು. ಬಚ್ಚಲಿನ ಚಿಲಕವನ್ನೂ ಈಗ ಹಾಕುವುದಿಲ್ಲ. ಒಳಗೆ ಏನಾದರೂ ಆದರೆ ಬಾಗಿಲು ಒಡೆಯುವವರು ಯಾರು? ಮಗ ಹಿತೇಶ್ ಪುಣೆಯಲ್ಲಿ ಕೆಲಸದಲ್ಲಿದ್ದಾನೆ, ಬರುವುದು ಶನಿವಾರ.

ಸಂಜೆ ಐದರಿಂದ ಆರೂವರೆಯವರೆಗೆ ಹಾಲ್‌ನ ಮೂಲೆ ಹಿತೇಶನ ಹೆಂಡತಿಯದ್ದು. ಐರೋಲಿಯ ಆಫೀಸಿನಲ್ಲಿ ಬೆಳಗಿನ ಪಾಳಿ ಮುಗಿಸಿ ಡೊಂಬಿವಲಿಯ ಈ ಮನೆಗೆ ಬಂದು, ಮುಖ ತೊಳೆದು, ಚಾ ಕುಡಿದು, ಕಿವಿಗೆ ಹೆಡ್‌ಫೋನ್ ಹಾಕಿ ಕಂಪ್ಯೂಟರಿನ ಮುಂದೆ ಕುಳಿತಳೆಂದರೆ ಲಾರಿ ಓಡಿಸುತ್ತಾಳೆ. ಪರದೆಯ ಮೇಲೆ ಯಾವುದೋ ದೇಶದ ರಸ್ತೆ, ಹದಿನೆಂಟು ಚಕ್ರದ ಲಾರಿ. ಮದುವೆಯಾಗಿ ಬರುವಾಗ ಅವಳು ತಂದ ಸಾಮಾನಿನಲ್ಲಿ ದೊಡ್ಡದು ಇದೊಂದೇ. ಬಿಡಿಭಾಗ ತಂದು ಅವಳೇ ಜೋಡಿಸಿದ್ದಂತೆ. ಸೊಸೆ ಲಾರಿ ಓಡಿಸುವುದನ್ನು ನೋಡಲಿಕ್ಕಾಗಿ ನಾನು ಬದುಕಿ ಉಳಿದದ್ದೇ ಎಂದು ಒಮ್ಮೊಮ್ಮೆ ಅನಿಸುತ್ತದೆ.

ಜನವರಿ 10, ಶುಕ್ರವಾರ

138/86. 134/84.

ಇಂದು ಲಾರಿ ನಡುರಸ್ತೆಯಲ್ಲಿ ಮಾಯವಾಯಿತು. ಪರದೆ ಕಪ್ಪಾಯಿತು, ಫ್ಯಾನಿನ ಸದ್ದು ನಿಂತಿತು, ಎರಡು ಕ್ಷಣ ಬಿಟ್ಟು ಕಂಪ್ಯೂಟರ್ ತಾನಾಗಿಯೇ ಮತ್ತೆ ಶುರುವಾಯಿತು. ಒಂದೇ ಸಂಜೆ ಮೂರು ಸಲ. ಮೂರನೆಯ ಸಲ ಸೊಸೆ ಹೆಡ್‌ಫೋನ್ ತೆಗೆದಿಟ್ಟು, ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕುಳಿತಿದ್ದಳು.

ಅಡುಗೆಮನೆಯಲ್ಲಿ ರತ್ನಾವತಿ ತುಳುವಿನಲ್ಲಿ, "ಎಡ್ಡೆ ಆಂಡ್" ಎಂದಳು. ಒಳ್ಳೆಯದೇ ಆಯಿತು ಎಂದು. ಸೊಸೆಗೆ ತುಳು ಬಾರದು, ಆದ್ದರಿಂದ ಮನೆಯಲ್ಲಿ ಅವಳ ಎದುರೇ ಅವಳ ಬಗ್ಗೆ ಮಾತಾಡಬಹುದು. ನನಗೂ ಒಳ್ಳೆಯದೇ ಅನಿಸಿತ್ತು.

ಜನವರಿ 14, ಮಂಗಳವಾರ

140/88. ಸಂಜೆಯದ್ದು ನೋಡಲು ಮರೆತೆ.

ಸಂಕ್ರಾಂತಿ. ಪಕ್ಕದ ಮನೆಯವರು ಎಳ್ಳುಬೆಲ್ಲದ ತಿಳಗುಳ ಕೊಟ್ಟುಹೋದರು.

ಸ್ಟೇಷನ್ ಹತ್ತಿರದ ರಿಪೇರಿಯವನು ಬಂದು ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದಾಗಿ ಎಲ್ಲ ಹಾಕಿಹೋದ. ವೈರಸ್ ಎಂದ. ಅವನು ಲಿಫ್ಟ್ ಇಳಿಯುವ ಮೊದಲೇ ಮತ್ತೆ ಆಫ್ ಆಯಿತು. ನನಗೆ ನಗು ಬಂತು, ಎದೆಯಲ್ಲಿ ನೋವಾಗಬಹುದೆಂದು ತಡೆದುಕೊಂಡೆ.

ಸೊಸೆ ಫೋನಿನಲ್ಲಿ ಹೇಳುತ್ತಿದ್ದುದು ಕೇಳಿಸಿತು. "ಇವತ್ತೂ ಆಗಂಗಿಲ್ಲ ತಮ್ಮಾ. ನೀ ಊಟ ಮಾಡು." ಆಚೆಯಿಂದ ಏನೋ ಒಂದು ಮಾತು, ಫೋನು ಕಟ್ಟಾಯಿತು. ಅವಳು ಲಾರಿ ಓಡಿಸುವುದು ತಮ್ಮ ದಿಲೀಪನ ಜೊತೆಗಂತೆ. ಅವನು ಮಸ್ಕತ್‌ನಲ್ಲಿ ಕ್ರೇನ್ ಕೆಲಸದಲ್ಲಿದ್ದಾನೆ. ಅಲ್ಲಿ ಅವನದೊಂದು ಲಾರಿ, ಇಲ್ಲಿ ಇವಳದೊಂದು, ಎರಡೂ ಒಂದೇ ರಸ್ತೆಯಲ್ಲಿ ಹಿಂದೆಮುಂದೆ ಹೋಗುತ್ತವೆ. ಎರಡು ವರ್ಷದಿಂದ ನಮ್ಮ ಹಾಲ್‌ನಲ್ಲೇ ನಡೆಯುತ್ತಿರುವ ಈ ಸಂಗತಿ ನನಗೆ ಇಂದು ತಿಳಿಯಿತು.

ಜನವರಿ 16, ಗುರುವಾರ

ತಡೆದುಕೊಳ್ಳಲು ಆಗಲಿಲ್ಲ. ಆಫ್ ಆದ ಕೂಡಲೇ ಕುರ್ಚಿಯಿಂದಲೇ ಕೇಳಿದೆ, "ಎಷ್ಟು ಗಂಟೆಗೆ ಆದದ್ದು?"

ಸೊಸೆ ಬೆಚ್ಚಿ ತಿರುಗಿದಳು. "ನೋಡಿಲ್ರಿ ಮಾವಾರ."

"ನಿನ್ನೆ?"

"ನಿನ್ನೆ ಎರಡು ಸಲ ಆಗ್ಯಾದ್ರಿ. ಗಂಟೆ ನೋಡಿಲ್ಲ."

"ಬರೆಯದಿದ್ದರೆ ಹೇಗೆ ಗೊತ್ತಾಗುವುದು? ಒಂದು ಮೋಟಾರು ಟ್ರಿಪ್ ಆಗಿ ನಿಂತರೆ ಮೊದಲು ಗಂಟೆ ಬರೆಯಬೇಕು, ಆಗ ಎಂತೆಂತ ಓಡ್ತಾ ಇತ್ತು ಅಂತ ಬರೆಯಬೇಕು. ಆಮೇಲೆ ಸ್ಕ್ರೂಡ್ರೈವರ್ ಮುಟ್ಟುವುದು."

ಬಯ್ದೆನೆಂದುಕೊಂಡಳೋ ಏನೋ, ತಲೆಯಾಡಿಸಿದಳು. ಅದಕ್ಕೇ ಈ ಪುಸ್ತಕದ ಹಿಂದಿನ ಪುಟಗಳಲ್ಲಿ ನಾನೇ ಗೆರೆ ಎಳೆದೆ. ತಾರೀಕು, ಗಂಟೆ, ಏನು ಓಡುತ್ತಿತ್ತು, ಎಷ್ಟು ಬಿಸಿ ಇತ್ತು. ಬಿಸಿ ಎಷ್ಟೆಂದು ಪರದೆಯ ಮೂಲೆಯಲ್ಲಿ ತೋರಿಸುವ ಹಾಗೆ ಅವಳು ಮಾಡಿಕೊಟ್ಟಳು. ಇಲ್ಲಿಂದ ನೋಡಿದರೂ ಕಾಣುತ್ತದೆ.

5.25, ಲಾರಿ, 66 ಡಿಗ್ರಿ. 5.58, ಲಾರಿ, 64 ಡಿಗ್ರಿ.

ಜನವರಿ 19, ಭಾನುವಾರ

ಹಿತೇಶ್ ಬಂದಿದ್ದಾನೆ. ಅವನೂ ಸೊಸೆಯೂ ಕಂಪ್ಯೂಟರಿನ ಡಬ್ಬಿ ಬಿಚ್ಚಿದರು. ನಾನು ಟಾರ್ಚ್ ಹಿಡಿದೆ. ಒಳಗೆ ಬಹಳ ಅಚ್ಚುಕಟ್ಟು. ಒಂದೊಂದು ವಯರನ್ನೂ ಕಟ್ಟಿ, ಬಾಗಿಸಿ, ಮರೆಮಾಡಿ ಓಡಿಸಿದ್ದಾಳೆ. ನನ್ನ ಕೈಕೆಳಗಿನ ಹತ್ತು ಹುಡುಗರಲ್ಲಿ ಒಬ್ಬನೂ ಇಷ್ಟು ಚಂದ ಪ್ಯಾನೆಲ್ ಕಟ್ಟಿದವನಲ್ಲ. ಬಾಯಿಬಿಟ್ಟು ಹೇಳಲಿಲ್ಲ.

ಬ್ರಶ್ಶಿನಿಂದ ಧೂಳು ತೆಗೆದರು. ಮೆಮೊರಿಯ ಎರಡು ಪಟ್ಟಿಗಳನ್ನು ಕಿತ್ತು, ಅವುಗಳ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರು. ಒಂದೂವರೆ ಗಂಟೆ ಚೆನ್ನಾಗಿ ಓಡಿತು. ಲಾರಿಯ ಆಟವನ್ನು ಚಾಲೂ ಬಿಟ್ಟು ಎಲ್ಲರೂ ಊಟಕ್ಕೆ ಕುಳಿತಾಗ ಟಪ್ ಎಂದು ಹೋಯಿತು.

ಹಿತೇಶ್ ಅನ್ನ ಕಲಸುತ್ತಲೇ ಹೇಳಿದ, "ಬೇಚ್ ದೇ ನಾ ಯಾರ್, ಅಪರ್ಣಾ. ಮಾರಿಬಿಡು, ತಲೆನೋವು."

ಸೊಸೆಯ ನಿಜವಾದ ಹೆಸರು ದಾನಮ್ಮ. ಆ ಹೆಸರು ಬಹಳ ಹಳೆಯದಾಯಿತೆಂದು ರತ್ನಾವತಿ ಇಲ್ಲಿಯ ಮರಾಠಿಯವರ ಪದ್ಧತಿ ಹಿಡಿದು, ಮದುವೆಯ ದಿನವೇ ಅಕ್ಕಿಯ ತಟ್ಟೆಯಲ್ಲಿ ಅಪರ್ಣಾ ಎಂದು ಬರೆಸಿದ್ದಳು. ಆಗ ಅದು ನನಗೂ ಸರಿ ಕಂಡಿತ್ತು. ಉಡುಪಿ ಕಡೆಯ ನೆಂಟರಿಗೆ ಹೇಳಲು ಸುಲಭ.

ಜನವರಿ 22, ಬುಧವಾರ

ಲೆಕ್ಕ ನೋಡಿದೆ. ಗೆರೆ ಎಳೆದ ಮೇಲೆ ಹನ್ನೊಂದು ಸಲ ಆಫ್ ಆಗಿದೆ. ಹನ್ನೊಂದೂ ಲಾರಿ ಓಡುವಾಗ. ಸೊಸೆ ಆಫೀಸಿನ ಕಾಗದಪತ್ರ ನೋಡುವಾಗ ಒಮ್ಮೆಯೂ ಇಲ್ಲ. ಬಿಸಿ ಎಲ್ಲೂ ಎಪ್ಪತ್ತು ದಾಟಿಲ್ಲ. ಅಂದರೆ ಬಿಸಿಯಿಂದಲ್ಲ, ಕರೆಂಟು ಹೆಚ್ಚು ಎಳೆದಾಗ. ಹೇಳಿದೆ. ಅವಳು ಕುರ್ಚಿ ತಿರುಗಿಸಿ ಕುಳಿತು ಪುಸ್ತಕ ನೋಡಿದಳು.

"ಇಷ್ಟೆಲ್ಲಾ ಬರ್ದೀರೇನ್ರಿ ಮಾವಾರ?"

"ಮತ್ತೆ? ಕೂತು ಎಂತ ಮಾಡುವುದು?"

"ಮತ್ತೊಂದು ಅದರಿ. ಒಮ್ಮೊಮ್ಮೆ ಡಬ್ಬಿ ಮುಟ್ಟಿದ್ರ ಕೈಗಿ ಜುಮ್ ಅಂತದ."

"ಚಳಿಗಾಲದಲ್ಲಿ ಹಾಗೆ ಆಗ್ತದೆ. ಚಪ್ಪಲಿ ಹಾಕಿ ಕೂತುಕೋ."

ಹಾಕಿಕೊಂಡಳು.

ಜನವರಿ 25, ಶನಿವಾರ

132/82.

ಕಂಪ್ಯೂಟರನ್ನು ಒಳಕೋಣೆಗೆ ಒಯ್ದು ಅಲ್ಲಿಯ ಪ್ಲಗ್ಗಿಗೆ ಹಾಕಿ ನೋಡಿದೆವು. ಅಲ್ಲೂ ಹೋಯಿತು. ಒಂದೇ ಮನೆಯ ಎರಡು ಪ್ಲಗ್ಗು ಒಟ್ಟಿಗೆ ಕೆಡುವುದಿಲ್ಲ. ಆ ಸಂಶಯ ಮುಗಿಯಿತು. ಈ ಮನೆಯ ವಯರಿಂಗನ್ನು ನಾನೇ ಕೈಯಾರೆ ಮಾಡಿದ್ದು ಎಂದು ಸೊಸೆಗೆ ಹೇಳಿದೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಫ್ಯೂಸ್ ಹೋದದ್ದಿಲ್ಲ ಎಂದೂ ಹೇಳಿದೆ.

ಸೊಸೆ ಬರುವ ನಾಲ್ಕೂವರೆಗೆ ಲಿಫ್ಟಿನ ಸದ್ದಾದರೆ ನಾನು ಕನ್ನಡಕ ಹಾಕಿಕೊಳ್ಳುತ್ತೇನಂತೆ. ರತ್ನಾವತಿ ಹೇಳಿದಳು. ಏನೇನೋ ಹೇಳುತ್ತಾಳೆ.

ಜನವರಿ 29, ಬುಧವಾರ

ಸೊಸೆಯ ಆಫೀಸಿನ ಜಯೇಶ್ ಎಂಬವನು ತನ್ನ ಕಂಪ್ಯೂಟರಿನ ಪವರ್ ಸಪ್ಲೈ ಬಿಚ್ಚಿಕೊಟ್ಟಿದ್ದ. ಇಟ್ಟಿಗೆಯಂಥ ಆ ಪೆಟ್ಟಿಗೆಯನ್ನು ಬೆನ್ನಿನ ಚೀಲದಲ್ಲಿ ಹಾಕಿಕೊಂಡು, ಐರೋಲಿಯಿಂದ ಠಾಣೆ, ಠಾಣೆಯಿಂದ ಡೊಂಬಿವಲಿ, ಲೋಕಲ್ ರೈಲಿನ ಗರ್ದಿಯಲ್ಲಿ ನಿಂತೇ ತಂದಳು. ಹಾಕಿದೆವು. ಮೂವತ್ತೈದು ನಿಮಿಷ ಓಡಿತು.

ಆಫ್ ಆದಾಗ ಅವಳು ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟಿದ್ದಳು. ಬಂದ ಮೇಲೆ ನಾನು ಕೇಳಿದೆ, "ತಮ್ಮನ ಹತ್ತಿರ ಫೋನಿನಲ್ಲಿ ಮಾತಾಡಬಹುದಲ್ಲ? ಲಾರಿಯೇ ಯಾಕೆ?"

"ಫೋನ್‌ನ್ಯಾಗ ಅವ ಮಾತಾಡಂಗಿಲ್ರಿ. ಊಟ ಆಯ್ತಾ ಅಂದ್ರ ಆಯ್ತು. ಆರಾಮ ಅದಿ ಏನು ಅಂದ್ರ ಆರಾಮ. ಅಷ್ಟೇ. ಲಾರಿ ಓಡಸ್ತಾ ಇದ್ರ, ಮುಖ ಮುಖ ನೋಡೂದು ಇರಂಗಿಲ್ಲ, ರಸ್ತೆ ನೋಡ್ಕೋತ ಎಲ್ಲಾ ಹೇಳ್ತಾನ. ಹೋದ ತಿಂಗಳು ಅವನ ರೂಮಿನ್ಯಾಗ ಇದ್ದ ಒಬ್ಬಾವ ಮ್ಯಾಲಿಂದ ಬಿದ್ದು ಸತ್ತಾನ್ರಿ. ಅದನ್ನ ನನಗ ಲಾರಿ ಓಡಸ್ತಾನೇ ಹೇಳಿದ್ದು. ಅಪ್ಪಗ ಇನ್ನೂ ಹೇಳಿಲ್ಲ."

ಆಮೇಲೆ ಅವಳು ಒಗೆದ ಬಟ್ಟೆ ಮಡಚಲು ಹೋದಳು. ನಾನು ಪುಸ್ತಕ ತೆರೆದು 5.40 ಎಂದು ಬರೆದೆ.

ಜನವರಿ 31, ಶುಕ್ರವಾರ

ಕಾರ್ಖಾನೆಯಲ್ಲಾದರೆ ಮೋಟಾರನ್ನು ಬೇರೆ ಪ್ಯಾನೆಲಿಗೆ ಹಾಕಿ ಓಡಿಸಿ ನೋಡುತ್ತಿದ್ದೆವು. ಕಂಪ್ಯೂಟರನ್ನು ಬೇರೆ ಮನೆಯಲ್ಲಿ ಇಡೀ ದಿನ ಓಡಿಸಿ ನೋಡಬೇಕು ಎಂದೆ. ಪಕ್ಕದವರ ಮನೆ ಬೇಡ, ಸೊಸೆ ಆಟವಾಡುವುದು ಇಡೀ ಸೊಸೈಟಿಗೆ ಗೊತ್ತಾಗುವುದು ಬೇಡ ಎಂದಳು ರತ್ನಾವತಿ.

ಸೊಸೆ ನೆಲ ನೋಡುತ್ತ, "ನಮ್ಮ ಅಪ್ಪನ ಮನ್ಯಾಗ ನೋಡಬಹುದ್ರಿ" ಎಂದಳು.

ಕಲ್ಯಾಣ ಪೂರ್ವ. ಇಲ್ಲಿಂದ ಎರಡು ಸ್ಟೇಷನ್. ಅವಳ ಅಪ್ಪ ಮಾಪಣ್ಣ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ, ಕಲಬುರಗಿ ಕಡೆಯವರು. ಮದುವೆ ರಿಜಿಸ್ಟರ್ ಆದ ದಿನ ಹೋಟೆಲಿನಲ್ಲಿ ಊಟ ಮಾಡಿ, ಕೈ ಮುಗಿದು ಹೋದವರು. ಆಮೇಲೆ ನಾವು ಅವರ ಮನೆಗೆ ಹೋಗಲಿಲ್ಲ. ಅವರನ್ನು ಕರೆಯಲೂ ಇಲ್ಲ. ಜಗಳವೇನೂ ಆಗಿರಲಿಲ್ಲ. ಕರೆಯಲಿಲ್ಲ, ಅಷ್ಟೇ.

"ಭಾನುವಾರ ಹೋಗುವ" ಎಂದೆ. ರತ್ನಾವತಿ ನನ್ನ ಮುಖ ನೋಡಿದಳು.

ಫೆಬ್ರವರಿ 2, ಭಾನುವಾರ

ಹಿತೇಶನಿಗೆ ಆಡಿಟ್, ಈ ವಾರ ಬರಲಿಲ್ಲ. ನಾನು, ಸೊಸೆ, ನಡುವೆ ಚಾದರದಲ್ಲಿ ಸುತ್ತಿದ ಕಂಪ್ಯೂಟರ್, ಹೀಗೆ ರಿಕ್ಷಾದಲ್ಲಿ ಹೋದೆವು. ಕೀಬೋರ್ಡಿನ ಚೀಲ ಮಾತ್ರ ನನ್ನ ಕೈಗೆ ಕೊಟ್ಟಿದ್ದಳು. ಪರದೆ ಅವಳ ತೊಡೆಯ ಮೇಲೆ.

ಸಾಲುಮನೆಗಳ ಚಾಳಿನ ಕೊನೆಯ ಕೋಣೆ. ಬಾಗಿಲಲ್ಲಿ ಮಾಪಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ನಿಂತಿದ್ದರು. ಒಂದು ಮಂಡಿ ಸರಿಯಿಲ್ಲ, ಗೋಡೆ ಹಿಡಿದು ನಡೆಯುತ್ತಾರೆ. "ಬರ್ರಿ, ಒಳಗ ಬರ್ರಿ" ಎಂದು ನನ್ನ ಕೈಯ ಚೀಲ ತೆಗೆದುಕೊಂಡರು. ಎದೆಯ ಆಪರೇಶನ್ ಆದವನ ಕೈಗೆ ಚೀಲ ಕೊಟ್ಟಿದ್ದೀ ಎಂದು ಮಗಳಿಗೆ ಗದರಿದರು. "ದಾನವ್ವ, ನಿನಗ ಬುದ್ಧಿ ಅದ ಏನು?" ಅಮ್ಮ ಚಂದ್ರಬಾಯಿ ಒಳಗಿನಿಂದ, "ದಾನವ್ವ ಬಂದ್ಲಾ?" ಎಂದರು. ಎದುರು ಕೋಣೆಯ ಮುದುಕಿ, ನಲ್ಲಿಯ ಹತ್ತಿರದ ಹುಡುಗಿಯರು, ಎಲ್ಲರೂ ದಾನಮ್ಮ, ದಾನಮ್ಮ. ನಮ್ಮ ಮನೆಯಲ್ಲಿ ಅವಳು ಇಷ್ಟು ಜೋರಾಗಿ ಉತ್ತರ ಕೊಟ್ಟದ್ದನ್ನು ನಾನು ಕೇಳಿಲ್ಲ.

ಕಬ್ಬಿಣದ ಪೆಟ್ಟಿಗೆಯ ಮೇಲೆ ಕಂಪ್ಯೂಟರ್ ಇಟ್ಟು, ಹನ್ನೊಂದು ಗಂಟೆಗೆ ಶುರು ಮಾಡಿದೆವು. ದಿಲೀಪನಿಗೂ ರಜೆಯಿತ್ತು. ಹೆಡ್‌ಫೋನಿನ ಒಂದು ಕಿವಿ ಕೆಲಸ ಮಾಡದ್ದರಿಂದ ಅದನ್ನು ಕಿತ್ತು ಸ್ಪೀಕರ್ ಹಾಕಿದಳು. ಕೋಣೆಯ ತುಂಬ ಅವನ ದನಿ.

ಅವನಿಗೆ ಇಲ್ಲಿ ಯಾರು ಯಾರು ಇದ್ದಾರೆಂದು ಗೊತ್ತಿರಲಿಲ್ಲ. ಅವನು ಲಾರಿ ಓಡಿಸುತ್ತ ಮಾತಾಡಿದ. ಅಲ್ಲಿಯ ಬಿಸಿಲು, ಕ್ರೇನಿನ ಮೇಲೆ ಕುಳಿತರೆ ಕಾಣುವ ಸಮುದ್ರ, ಮೆಸ್ಸಿನ ಕೇರಳದವನು ಮಾಡುವ ಸಾರು. ಆಮೇಲೆ ಬಿದ್ದು ಸತ್ತವನ ಹಾಸಿಗೆಗೆ ಹೊಸಬ ಬಂದಿದ್ದಾನೆ, ಅವನು ರಾಜಸ್ಥಾನದವನು, ನಿದ್ದೆಯಲ್ಲಿ ಹಾಡುತ್ತಾನೆ ಎಂದ. "ಅಕ್ಕಾ, ಮೊದಲ ವಾರ ನಾ ಅವನ ಕಡೆ ನೋಡ್ಲಿಲ್ಲ. ಈಗ ಅವನ ಹಾಡು ಕೇಳ್ಲಿಲ್ಲ ಅಂದ್ರ ನಿದ್ದಿ ಬರಂಗಿಲ್ಲ" ಎಂದ.

ದಾನಮ್ಮ ತಿರುಗಿ ಅಪ್ಪನನ್ನು ನೋಡಿದಳು. ಸ್ಪೀಕರಿನ ಗುಂಡಿಯ ಮೇಲೆ ಕೈ ಇಟ್ಟಳು. ಮಾಪಣ್ಣ ಬೇಡವೆಂದು ಕೈಸನ್ನೆ ಮಾಡಿದರು. ಗೋಡೆಗೆ ಒರಗಿ, ಕೆಟ್ಟ ಕಾಲನ್ನು ಚಾಚಿಕೊಂಡು, ಕಣ್ಣು ಮುಚ್ಚಿ ಕೇಳುತ್ತ ಕುಳಿತರು. ಎರಡು ಗಂಟೆ ಹಾಗೆಯೇ ಕುಳಿತಿದ್ದರು. ಒಮ್ಮೆ ಮಾತ್ರ ನನ್ನ ಕಡೆ ಬಾಗಿ, ಮಗನಿಗೆ ಕೇಳದ ಹಾಗೆ ಮೆಲ್ಲಗೆ ಹೇಳಿದರು, "ನಮ್ ಸಂಗಟ ಇಷ್ಟು ಮಾತಾಡಂಗಿಲ್ರಿ ಅವ."

ಚಂದ್ರಬಾಯಿ ನನ್ನ ಎದುರು ಉಪ್ಪಿಲ್ಲದ ಪಲ್ಯ ಇಟ್ಟರು. ದಾನಮ್ಮ ಮೊದಲೇ ಹೇಳಿಟ್ಟಿದ್ದಳಂತೆ. ಬಿಸಿ ರೊಟ್ಟಿ ಮೂರು ತಿಂದೆ. ಆಸ್ಪತ್ರೆಯಿಂದ ಬಂದ ಮೇಲೆ ಮೂರು ತಿಂದದ್ದು ಇದೇ ಮೊದಲು.

ಸಂಜೆ ನಾಲ್ಕಕ್ಕೆ ನಿಲ್ಲಿಸಿದೆವು. ಐದು ಗಂಟೆಯಲ್ಲಿ ಒಮ್ಮೆಯೂ ಆಫ್ ಆಗಲಿಲ್ಲ.

ಫೆಬ್ರವರಿ 3, ಸೋಮವಾರ

ಅಲ್ಲಿ ಓಡಿತು, ಇಲ್ಲಿ ಓಡುವುದಿಲ್ಲ. ದೋಷ ಕಂಪ್ಯೂಟರಿನದ್ದಲ್ಲ.

ರತ್ನಾವತಿ ತರಕಾರಿಗೆ ಹೋದಾಗ ಟೆಸ್ಟ್ ಲ್ಯಾಂಪ್ ತೆಗೆದು ಹಾಲ್‌ನ ಪ್ಲಗ್ಗಿನ ಅರ್ತ್ ನೋಡಿದೆ. ದೀಪ ಹತ್ತಲಿಲ್ಲ, ಅಂದರೆ ಅರ್ತೇ ಇಲ್ಲ. ಒಳಕೋಣೆಯದ್ದೂ ಹತ್ತಲಿಲ್ಲ. ವಾಶಿಂಗ್ ಮಶೀನಿನದ್ದೂ.

ಆಗ ನೆನಪಾಯಿತು. ಹೊಸ ಮನೆ, ದೀಪಾವಳಿಗೆ ಎರಡು ದಿನ. ಹಾಲ್‌ನ ಬಾಗಿಲ ಮೇಲಿನ ಜಂಕ್ಷನ್ ಬಾಕ್ಸಿನವರೆಗೆ ಎಳೆಯುವಷ್ಟರಲ್ಲಿ ಸೋರುವ ಕರೆಂಟನ್ನು ನೆಲಕ್ಕಿಳಿಸುವ ಅರ್ತಿನ ಹಸಿರು ವಯರು ಮುಗಿಯಿತು. ರಾತ್ರಿಯಾಗಿ ಅಂಗಡಿ ಮುಚ್ಚಿತ್ತು. ಹಬ್ಬ ಕಳೆದ ಮೇಲೆ ಎಳೆದರಾಯಿತೆಂದು ಮುಚ್ಚಳ ಹಾಕಿ ಬಣ್ಣ ಹೊಡೆಸಿದೆ. ಹಾಲ್, ಒಳಕೋಣೆ, ವಾಶಿಂಗ್ ಮಶೀನ್, ಮೂರಕ್ಕೂ ಕರೆಂಟು ಹೋಗುವುದು ಆ ಬಾಕ್ಸಿನಿಂದಲೇ.

ಕೈಗೆ ಜುಮ್ ಅನ್ನುತ್ತದೆ ಎಂದು ಆ ಹುಡುಗಿ ಹೇಳಿದ್ದಳು.

ಫೆಬ್ರವರಿ 4, ಮಂಗಳವಾರ

ಸಂಜೆ ದಾನಮ್ಮ ಕಂಪ್ಯೂಟರ್ ಮುಟ್ಟಲಿಲ್ಲ. ಅದು ಚಾದರದಲ್ಲೇ ಇದೆ. ಈ ಬಿಲ್ಡಿಂಗಿನ ಲೈನೇ ಸರಿಯಿಲ್ಲ, ಅದಕ್ಕೆ ಯಾರೇನು ಮಾಡಲಾಗುತ್ತದೆ, ಅತ್ತೆಗೂ ಹಿಡಿಸುವುದಿಲ್ಲ ಎಂದಳು. ಖಾರಘರದಲ್ಲಿರುವ ಜಯೇಶ್ ಕೊಂಡುಕೊಳ್ಳುತ್ತಾನಂತೆ. ಒಪ್ಪಿದರೆ ಭಾನುವಾರ ಗಾಡಿ ತರುತ್ತಾನೆ.

ಬಿಲ್ಡಿಂಗಿನ ಲೈನು ಎಂದಾಗ ನಾನು ಹ್ಞೂಂ ಎಂದೆ.

ಫೆಬ್ರವರಿ 5, ಬುಧವಾರ

ಎರಡರಿಂದ ನಾಲ್ಕು ರತ್ನಾವತಿಗೆ ಭಜನಾ ಮಂಡಳಿ. ಮೇನ್ ಆಫ್ ಮಾಡಿ, ಸ್ಟೂಲು ಇಟ್ಟು ಹತ್ತಿದೆ. ಬಣ್ಣ ಕೆರೆದು ಬಾಕ್ಸ್ ತೆರೆದೆ. ಕರೆಂಟು ಹಿಂತಿರುಗುವ ನ್ಯೂಟ್ರಲ್ ವಯರಿನ ಜೋಡಣೆ ಸಡಿಲವಾಗಿ, ಸುಟ್ಟು ಕಪ್ಪಾಗಿದೆ. ಟೇಪು ಕರಗಿ ಅಂಟಿದೆ. ಹೆಚ್ಚು ಕರೆಂಟು ಎಳೆದಾಗಲೆಲ್ಲ ಅಲ್ಲಿ ಕಿಡಿ ಹಾರಿ, ಕ್ಷಣಮಾತ್ರ ಕರೆಂಟು ಕಡಿಯುತ್ತಿತ್ತು. ಕಂಪ್ಯೂಟರಿಗೆ ಅಷ್ಟೇ ಸಾಕು. ಫ್ಯಾನಿಗೆ, ದೀಪಕ್ಕೆ ಗೊತ್ತೇ ಆಗುವುದಿಲ್ಲ. ಇನ್ನೊಂದು ವರ್ಷ ಬಿಟ್ಟಿದ್ದರೆ ಬೆಂಕಿ ಹತ್ತುತ್ತಿತ್ತು.

ಇಂಥ ಜೋಡಣೆ ಮಾಡಿದ ಹುಡುಗರನ್ನು ನಾನು ಗೇಟಿನ ಹೊರಗೆ ನಿಲ್ಲಿಸಿದ್ದಿದೆ.

ಸುಟ್ಟದ್ದನ್ನು ಕತ್ತರಿಸಿ ಹೊಸದಾಗಿ ಕೂಡಿಸಿದೆ. ಬೆಳಿಗ್ಗೆ ವಾಚ್‌ಮನ್ ಕೈಯಲ್ಲಿ ತರಿಸಿದ್ದ ಹಸಿರು ವಯರನ್ನು ಮೂರೂ ಕಡೆಗೆ ಎಳೆದೆ. ನಾಲ್ಕು ಸಲ ಹತ್ತಿ ಇಳಿದೆ. ಅಂಗಿ ಒದ್ದೆಯಾಯಿತು. ಇಳಿದು ಟೆಸ್ಟ್ ಲ್ಯಾಂಪ್ ಹಿಡಿದರೆ ಮೂರೂ ಕಡೆ ಹತ್ತಿತು. ಗುಡಿಸಿ, ಸ್ಟೂಲು ಒಳಗಿಟ್ಟು, ರತ್ನಾವತಿ ಬರುವಾಗ ಪೇಪರ್ ಹಿಡಿದು ಕುಳಿತಿದ್ದೆ.

ಫೆಬ್ರವರಿ 6, ಗುರುವಾರ

ಯಾರಿಗೂ ಹೇಳಿಲ್ಲ. ಹೇಳಲೇಬೇಕೆಂದೇನೂ ಇಲ್ಲ. ಕೆಲಸ ಆಗಿದೆ.

ಕಂಪ್ಯೂಟರ್ ಹೋದರೆ ಹಾಲ್‌ನಲ್ಲಿ ಜಾಗವೂ ಆಗುತ್ತದೆ. ರತ್ನಾವತಿ ಅಲ್ಲಿಗೆ ಒಂದು ದಿವಾನ್ ತರಿಸೋಣ ಎನ್ನುತ್ತಿದ್ದಾಳೆ.

ಫೆಬ್ರವರಿ 7, ಶುಕ್ರವಾರ

ಹೇಳಿದೆ.

ಚಾ ಕುಡಿಯುವಾಗ ದಾನಮ್ಮನಿಗೆ ಫೋನು ಬಂತು. ಅವಳು ತಮ್ಮನಿಗೆ, "ಭಾನುವಾರ ಒಯ್ತಾರ. ಇರಲಿ ಬಿಡು, ಫೋನ್ ಮಾಡ್ತಾ ಇರು" ಎಂದಳು. ಅವನು ಏನೋ ಒಂದು ಮಾತಿನಲ್ಲಿ ಉತ್ತರ ಕೊಟ್ಟ. ಅವಳು ಫೋನ್ ಕೆಳಗಿಟ್ಟು ಬಿಸ್ಕಿಟ್ಟಿನ ಡಬ್ಬಿಯ ಮುಚ್ಚಳ ತಿರುಗಿಸುತ್ತ ಕುಳಿತಳು.

"ಬಿಲ್ಡಿಂಗಿನ ಲೈನ್ ಅಲ್ಲ" ಎಂದೆ. "ನಾನು ಮಾಡಿದ ವಯರಿಂಗ್. ನ್ಯೂಟ್ರಲ್ ಸುಟ್ಟಿತ್ತು. ಅರ್ತ್ ಹಾಕಿಯೇ ಇರಲಿಲ್ಲ, ವಯರ್ ಮುಗಿದಿತ್ತು, ಹಾಗೇ ಮುಚ್ಚಿಬಿಟ್ಟೆ. ಬುಧವಾರ ಸರಿ ಮಾಡಿದೆ."

ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿ ದಾನಮ್ಮ ಮೆಲ್ಲಗೆ ಹೇಳಿದಳು, "ಕೈಗಿ ಜುಮ್ ಅಂತದ ಅಂದಿದ್ನೆಲ್ರಿ."

"ಹೇಳಿದ್ದಿ."

"ಚಪ್ಪಲಿ ಹಾಕ್ಕೋ ಅಂದ್ರಿ."

"ಹೌದು."

"ಬುಧವಾರ ಸರಿ ಮಾಡೀರಿ. ಇವತ್ತು ಶುಕ್ರವಾರ. ನಿನ್ನೆ ನಾ ಜಯೇಶಗ ಕೊಡ್ತೀನಿ ಅಂತ ಮಾತು ಕೊಟ್ಟೀನ್ರಿ. ನೀವು ಇಲ್ಲೇ ಕುಂತಿದ್ರಿ."

ಕಾರ್ಖಾನೆಯಲ್ಲಿ ತಪ್ಪು ಮಾಡಿದ ಹುಡುಗರು ನನ್ನ ಮುಂದೆ ಹೇಗೆ ನಿಲ್ಲುತ್ತಿದ್ದರೋ ಹಾಗೆ ಕುಳಿತಿದ್ದೆ. "ನಾಚಿಕೆ ಆಯ್ತು ಮಗಾ" ಎಂದೆ. "ಹೇಳ್ಲಿಕ್ಕೆ ನಾಚಿಕೆ ಆಯ್ತು. ತಪ್ಪು ನನ್ನದು."

ನಡುವೆ ರತ್ನಾವತಿ ಎದ್ದಳು. ಸೊಸೆಯ ಮೇಲೆ ರೇಗುತ್ತಾಳೆಂದುಕೊಂಡೆ. ಅವಳು ತಿರುಗಿದ್ದು ನನ್ನ ಕಡೆಗೆ. "ಹತ್ತು ವರ್ಷದಿಂದ ಹೇಳ್ತಾ ಇದ್ದೇನೆ ವಾಶಿಂಗ್ ಮಶೀನ್ ಹೊಡೀತದೆ ಅಂತ. ನನಗೆ ಎಂತ ಹೇಳಿದ್ರಿ? ಒದ್ದೆ ಕೈಯಲ್ಲಿ ಮುಟ್ಟಬೇಡ ಅಂತ. ಬಟ್ಟೆ ಒಗೆಯುವವಳ ಕೈ ಒಣಗಿರ್ತದಾ?" ಇದನ್ನು ತುಳುವಿನಲ್ಲಿ ಹೇಳಲಿಲ್ಲ. ಕನ್ನಡದಲ್ಲಿ ಹೇಳಿದಳು, ಸೊಸೆಗೂ ಅರ್ಥವಾಗುವ ಹಾಗೆ. "ಅದೂ ಈ ಎದೆ ಇಟ್ಟುಕೊಂಡು ಸ್ಟೂಲು ಹತ್ತಿದ್ದೀರಲ್ಲ."

"ನಿಮಗೂ ಹೊಡೀತಿತ್ತೇನ್ರಿ ಅತ್ತಿ?" ಎಂದು ದಾನಮ್ಮ ಕೇಳಿದಳು. ರಬ್ಬರ್ ಚಪ್ಪಲಿ ಹಾಕಿಯೇ ಮುಟ್ಟುವುದು ಎಂದಳು ರತ್ನಾವತಿ. ಇಬ್ಬರೂ ಒಳಗೆ ಹೋಗಿ ಮಶೀನಿನ ಹತ್ತಿರ ನಿಂತು ಬಹಳ ಹೊತ್ತು ಮಾತಾಡಿದರು. ನನ್ನ ಚಾ ಆರಿಹೋಯಿತು. ಬಿಸಿ ಮಾಡಿಕೊಡುವವರು ಯಾರೂ ಇರಲಿಲ್ಲ.

ರಾತ್ರಿ ಊಟಕ್ಕೆ ಬಡಿಸುವಾಗಲೂ ದಾನಮ್ಮ ನನ್ನ ಜೊತೆ ಮಾತಾಡಲಿಲ್ಲ. ಸರಿಯೇ.

ಫೆಬ್ರವರಿ 8, ಶನಿವಾರ

ಬೆಳಿಗ್ಗೆ ದಾನಮ್ಮ ಜಯೇಶನಿಗೆ ಫೋನ್ ಮಾಡಿ ಮರಾಠಿಯಲ್ಲಿ ಕ್ಷಮೆ ಕೇಳಿದಳು. ಚಾದರ ಬಿಚ್ಚಿ, ಕಂಪ್ಯೂಟರ್ ಹಾಕಿ, ಡಬ್ಬಿಯನ್ನು ಅಂಗೈಯಿಂದ ಒಮ್ಮೆ ಮುಟ್ಟಿ ನೋಡಿದಳು. ಬರಿಗಾಲಲ್ಲಿ ಕುಳಿತಳು. ಹತ್ತರಿಂದ ಹನ್ನೆರಡೂವರೆ. ಏನೂ ಆಗಲಿಲ್ಲ. ಏಳುವಾಗ ನನ್ನ ಕಡೆ ನೋಡದೆ, "ಪುಸ್ತಕದಾಗ ಬರೀರಿ" ಎಂದಳು.

ಬರೆದೆ. 10ರಿಂದ 12.30, ಲಾರಿ, 67 ಡಿಗ್ರಿ, ಆಫ್ ಆಗಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಕಲ್ಯಾಣಕ್ಕೆ ಹೋಗಿ ಬಂದೆ. 2.40ರ ಸ್ಲೋ ಲೋಕಲ್ ಸಿಕ್ಕಿತು, ಕೂರಲು ಜಾಗವಿತ್ತು. ಕಲ್ಯಾಣದ ಸೇತುವೆಯ ಮೆಟ್ಟಿಲು ಜಾಸ್ತಿ, ನಡುವೆ ಎರಡು ಸಲ ನಿಂತೆ. ಮಾಪಣ್ಣ ಮಾರ್ಕೆಟ್ಟಿನಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದರು. ಭಾನುವಾರ ಹದಿನಾರಕ್ಕೆ ಇಬ್ಬರೂ ಊಟಕ್ಕೆ ಬರಬೇಕು ಎಂದೆ. ಫೋನ್ ಮಾಡಿದ್ದರೆ ಸಾಕಿತ್ತಲ್ಲ, ಇಷ್ಟು ದೂರ ಯಾಕೆ ಬಂದಿರಿ ಎಂದರು ಚಂದ್ರಬಾಯಿ.

"ಎರಡು ವರ್ಷದ ಹಿಂದೆಯೇ ಬರಬೇಕಿತ್ತು" ಎಂದೆ.

ಮಾಪಣ್ಣ ಕಾಲು ಒರೆಸಿಕೊಂಡು, "ಈಗ ಬಂದೀರಲ್ರಿ" ಎಂದರು.

ಫೆಬ್ರವರಿ 16, ಭಾನುವಾರ

ಹನ್ನೊಂದಕ್ಕೆ ಬಂದರು. ಚಂದ್ರಬಾಯಿ ಮೂವತ್ತು ರೊಟ್ಟಿ ಕಟ್ಟಿಕೊಂಡು ಬಂದಿದ್ದರು. ರತ್ನಾವತಿ ಕೋಳಿಸಾರು, ನೀರುದೋಸೆ ಮಾಡಿದ್ದಳು. ರೊಟ್ಟಿಯನ್ನು ಕೋಳಿಸಾರಿನಲ್ಲಿ ಅದ್ದಿ ತಿನ್ನಬಹುದೆಂದು ಈ ವಯಸ್ಸಿನಲ್ಲಿ ಕಲಿತೆವು. ಹಿತೇಶ್ ಆರು ತಿಂದ.

ಬಡಿಸುತ್ತ ರತ್ನಾವತಿ ಚಂದ್ರಬಾಯಿಯನ್ನು ಕೇಳಿದಳು, "ಮಗಳಿಗೆ ದಾನಮ್ಮ ಅಂತ ಯಾಕೆ ಇಟ್ಟದ್ದು?"

"ಇಕಿಕಿಂತ ಮೊದಲು ಎರಡು ಕೂಸು ಉಳೀಲಿಲ್ರಿ ಅಕ್ಕಾರ. ಗುಡ್ಡಾಪುರದ ದಾನಮ್ಮ ದೇವಿಗಿ ಹರಕಿ ಹೊತ್ತೆ. ಇಕಿ ಉಳದ್ಲು."

ರತ್ನಾವತಿ ಸೊಸೆಯ ಬಟ್ಟಲಿಗೆ ಇನ್ನೊಂದು ತುಂಡು ಹಾಕಿದಳು.

ಊಟವಾದ ಮೇಲೆ ಮಸ್ಕತ್‌ನಿಂದ ದಿಲೀಪ ಲಾರಿಯ ಆಟಕ್ಕೆ ಬಂದ. ಈ ಸಲ ಎಲ್ಲರೂ ಇದ್ದಾರೆಂದು ದಾನಮ್ಮ ಮೊದಲೇ ಹೇಳಿದಳು. ಅವನು ಗಪ್ಪಾದ. ಎರಡು ಲಾರಿಗಳೂ ಒಂದು ಗುಡ್ಡದ ರಸ್ತೆಯಲ್ಲಿ ಸದ್ದಿಲ್ಲದೆ ಹೋದವು. ಹಾಲ್‌ನಲ್ಲಿ ಆರು ಜನ ಪರದೆ ನೋಡುತ್ತ ಕುಳಿತೆವು.

ಆಗ ದಾನಮ್ಮ ಎದ್ದು, ಅಪ್ಪನ ಕೈ ಹಿಡಿದು ತನ್ನ ಕುರ್ಚಿಯಲ್ಲಿ ಕೂರಿಸಿದಳು. "ತಮ್ಮಾ, ಈಗ ಅಪ್ಪ ಓಡಸ್ತಾನ" ಎಂದಳು. ಇದು ಮುಂದಕ್ಕೆ, ಇದು ಬ್ರೇಕು, ಇದು ಎಡಕ್ಕೆ ಎಂದು ಒಂದೊಂದು ಗುಂಡಿಯ ಮೇಲೂ ಅವರ ಬೆರಳು ಇಟ್ಟು ತೋರಿಸಿದಳು. ನಲವತ್ತು ವರ್ಷ ಲಾರಿಗೆ ಮೂಟೆ ಹೊತ್ತ ಮಾಪಣ್ಣ ಒಮ್ಮೆಯೂ ಸ್ಟೇರಿಂಗಿನ ಹಿಂದೆ ಕುಳಿತವರಲ್ಲವಂತೆ. ಬೆನ್ನು ನೆಟ್ಟಗೆ ಮಾಡಿ ಕುಳಿತರು. ಲಾರಿ ಹೊರಟಿತು. ಮೊದಲ ತಿರುವಿನಲ್ಲಿ ಸ್ಪೀಕರಿನಿಂದ ದಿಲೀಪ, "ಅಪ್ಪಾ, ಬ್ರೇಕ್, ಬ್ರೇಕ್ ಹಾಕು, ಅಪ್ಪಾ ಅದು ಬ್ರೇಕ್ ಅಲ್ಲ" ಎಂದು ಕೂಗಿದ. ಲಾರಿ ಬೇಲಿ ಮುರಿದು, ಉರುಳಿ, ಅದರಲ್ಲಿದ್ದ ಮರದ ದಿಮ್ಮಿಗಳೆಲ್ಲ ಗುಡ್ಡದ ಕೆಳಗೆ ಚೆಲ್ಲಿಹೋದವು.

ಮಾಪಣ್ಣ ಗುಂಡಿಗಳಿಂದ ಕೈ ತೆಗೆದು ಪರದೆಯನ್ನೇ ನೋಡಿದರು. ಆಮೇಲೆ ಮಗನಿಗೆ ಹೇಳಿದರು, "ಮಾಲು ಇಳಿಸಿನಿ ನೋಡು. ನನಗ ಬರೂದು ಅದೊಂದೇ."

ಮಸ್ಕತ್‌ನಲ್ಲಿ ಅವನು ನಗತೊಡಗಿದ. ನಗು ನಿಲ್ಲಿಸಲಾಗದೆ ಕೆಮ್ಮಿದ. ಇಲ್ಲಿ ರತ್ನಾವತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನೂ ಎದೆ ಹಿಡಿದುಕೊಳ್ಳದೆ ನಕ್ಕೆ. ಅಪ್ಪಾ, ನಿನ್ನ ಮಂಡಿ ಈಗ ಹ್ಯಾಂಗ ಅದ ಎಂದು ಅವನು ಕೇಳಿದ. ಮಾಪಣ್ಣ ಹೇಳತೊಡಗಿದರು. ದಾನಮ್ಮ ಹಿಂದಿನಿಂದ ಬಾಗಿ, ಲಾರಿಯನ್ನು ಎತ್ತಿ ಮತ್ತೆ ರಸ್ತೆಯ ಮೇಲೆ ನಿಲ್ಲಿಸಿಕೊಟ್ಟಳು. ಅವರು ಮಾತಾಡುತ್ತಲೇ ಅದನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟರು.